ಬ್ಯಾನರಿನ ಮೇಲಿನ ಹೆಸರು

ಕಾರ್ಗಿಲ್ ದಿನ ಬಂತೆಂದರೆ ಪಾರಮ್ಮ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಸಭೆಯ ಕೋಣೆಯಲ್ಲಿ ಮುಂದಿನ ಕುರ್ಚಿ ಹಿಡಿದು ಕೂತುಬಿಡುತ್ತಾಳೆ. ಬಳ್ಳಾರಿಯ ಈ ವೃದ್ಧಾಶ್ರಮದಲ್ಲಿ ಅವಳು ಕಾಯುವುದು ಹೂವಿಗಲ್ಲ, ಶಾಲಿಗಲ್ಲ. ವರ್ಷಕ್ಕೊಮ್ಮೆ ಯಾರಾದರೂ ಮೈಕಿನಲ್ಲಿ ಅವಳ ಮಗನ ಹೆಸರು ಹೇಳುತ್ತಾರಲ್ಲ, ಅದಕ್ಕೆ. ತನ್ನೂರು ರಾರಾವಿಯಲ್ಲಿ ಆ ಹೆಸರು ಹಿಡಿದು ಕರೆಯುತ್ತಿದ್ದವರೆಲ್ಲ ಹೋದರು. ತಾನೊಬ್ಬಳೇ ಕರೆದರೆ ಕೇಳಿದಂತಾಗುವುದಿಲ್ಲ.

ಹೆಸರು ಎರ್ರಿಸ್ವಾಮಿ. ಆ ಸೀಮೆಯ ಅವಧೂತ ಎರ್ರಿತಾತನಿಗೆ ಹರಕೆ ಹೊತ್ತು ಪಡೆದ ಮಗ. ಮನೆಯಲ್ಲಿ ಬರೀ ಎರ್ರಿ.

"ಈ ಸಲನಾದ್ರೂ ಅಳ್ತೀಯೇನು?" ಪಕ್ಕದ ಮಂಚದ ಉಚ್ಚಂಗೆಮ್ಮ ಕೇಳಿದಳು. "ಹೋದ ವರ್ಷ ಕಲ್ಲಿನಂಗ ಕುಂತಿದ್ದಿ. ಫೋಟೋ ತೆಗಿಯೋನಿಗೇ ಬ್ಯಾಸರಾತು."

"ಬರವಲ್ದು. ಬಂದ್ರ ಅಳ್ತೀನಿ."

"ನಾ ಅಳ್ತೀನಿ ತೊಗೊ. ಶಾಲು ಮಾತ್ರ ನನಗ."

ಅತಿಥಿ ಶಶಿಕಾಂತ್ ಮೈಸೂರು ಕಡೆಯವರು, ವರ್ಗವಾಗಿ ಬಂದ ಹೊಸ ಅಧಿಕಾರಿ. ಅವರೇ ಮಾಡಿಸಿ ತಂದ ಬ್ಯಾನರನ್ನು ಮಗನ ಫೋಟೋದ ಹಿಂದೆ ಕಟ್ಟಿದರು. ಪಾರಮ್ಮನಿಗೆ ಓದಲು ಬಾರದು. ಮೈಕಿಗೆ ಕಿವಿ ಕೊಟ್ಟು ಕೂತಳು.

"ಹುತಾತ್ಮ ಯೋಧ ವೀರಸ್ವಾಮಿ..."

ಇನ್ನಾರದೋ ಮಗ ಇರಬೇಕೆಂದು ಅವಳು ಹಿಂದೆ ತಿರುಗಿ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. "ವೀರಸ್ವಾಮಿ ಅಮರ್ ರಹೇ" ಎಂದರು. ಅವಳ ಬಾಯಿಯೂ ಅವರ ಜೊತೆ "ಅಮರ್ ರಹೇ" ಅಂದಿತು. ಮೌನಾಚರಣೆಯೂ ಆಯಿತು.

ಶಾಲು ಹೊದಿಸುತ್ತ ಶಶಿಕಾಂತ್ ಬಗ್ಗಿ ಹೇಳಿದರು: "ತೆಲುಗಲ್ಲಿ ಎರ್ರಿ ಅಂದ್ರೆ ಹುಚ್ಚ ಅಂತೆ ಅಲ್ವಾ ಅಮ್ಮ. ಹುತಾತ್ಮರಿಗೆ ಚೆನ್ನಾಗಿರಲ್ಲ ಅಂತ ವೀರ ಅಂತ ಮಾಡಿಸ್ದೆ. ಆಗಬಹುದಲ್ಲ?"

"ಹೂಂ ರೀ" ಎಂದಳು ಪಾರಮ್ಮ.

ಸಿಟ್ಟು ಬಂತೇನೋ ಎಂದು ತನ್ನೊಳಗೇ ನೋಡಿಕೊಂಡಳು. ಜೋಮು ಹಿಡಿದ ಕಾಲನ್ನು ಮುಟ್ಟಿದ ಹಾಗಿತ್ತು.

ಬಂದವರು ಹೋದರು. ಊಟಕ್ಕೆ ಬರ್ರಿ ಎಂದು ಅಡಿಗೆಯ ಜ್ಯೋತಿ ಕೂಗಿದಳು.

"ಹೂಂ ಅಂತ ಯಾಕಂದಿ?" ಉಚ್ಚಂಗೆಮ್ಮ ಬಿಡಲಿಲ್ಲ.

"ಚಲೋ ಮನಸಿಲೇ ಮಾಡ್ಯಾರ. ಇರ್ಲಿ ಬಿಡು."

"ಹಂಗಾದ್ರ ನನಗೂ ಒಂದು ಚಲೋ ಹೆಸರು ಇಡಾಕ ಹೇಳು, ಈ ವಯಸ್ಸಿನಾಗ." ಅಷ್ಟಕ್ಕೂ ಸಮಾಧಾನವಾಗದೆ ಅವಳು ಫೋಟೋದ ಕಡೆ ತಿರುಗಿದಳು. "ಲೇ ಎರ್ರಿ, ನೋಡೋ ನಿಮ್ಮವ್ವನ್ನ. ಮಗನ ಹೆಸರು ಬದ್ಲಿ ಮಾಡಿದ್ರೂ ಶಾಲು ಹೊದ್ಕಂಡು ಹೂಂ ಅಂತಾಳ."

ಏಳುತ್ತಿದ್ದ ಪಾರಮ್ಮ ಮತ್ತೆ ಕೂತಳು.

"ಇನ್ನೊಮ್ಮಿ ಅನ್ನು."

"ಏನನ್ಲಿ?"

"ಈಗ ಬೈದ್ಯಲ್ಲ, ಹಂಗ."

ಉಚ್ಚಂಗೆಮ್ಮ ಗೆಳತಿಯ ಮುಖ ನೋಡಿದಳು. ಕಣ್ಣುಗಳು ಒಣಗಿಯೇ ಇದ್ದವು. ಅವಳು ಫೋಟೋದ ಹತ್ತಿರ ಹೋಗಿ, ಓಣಿಯ ಹುಡುಗನನ್ನು ಕರೆದ ಹಾಗೆ ಕರೆದಳು.

"ಲೇ ಎರ್ರಿ."

ಪಾರಮ್ಮ ಎದ್ದು, ಶಾಲು ತೆಗೆದು ಮಡಚಿ ಉಚ್ಚಂಗೆಮ್ಮನ ಕೈಗಿಟ್ಟಳು.

"ನಡಿ, ಅನ್ನ ಆರ್ತೈತಿ" ಎಂದಳು.