ಹೆಡ್ ಬಿಚ್ಚಿದ ದಿನ

ಮೇಸ್ತ್ರಿ ಉದ್ದನೆಯ ಸರಳನ್ನು ಇಂಜಿನ್ನಿನ ಮುಂಭಾಗದ ನಟ್ಟಿಗೆ ಸಿಕ್ಕಿಸಿ, ಕಾಲು ಅಗಲಿಸಿ ನಿಂತು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದ. ಸರಳು ಬಾಗಿತು. ಇಂಜಿನ್ ಕೂದಲೆಳೆಯಷ್ಟೂ ತಿರುಗಲಿಲ್ಲ. ಇನ್ನೊಂದು ಸಲ ಒತ್ತಿ ನೋಡಿ, ಸರಳನ್ನು ನೆಲಕ್ಕೆ ಎಸೆದು, ಹಳೇ ಬನಿಯನ್ ಚೂರಿಗೆ ಕೈ ಒರೆಸಿಕೊಳ್ಳುತ್ತ, "ಹಿಡ್ಕೊಂಡು ಕೂತಿದೆ. ಪೂರ್ತಿ ಸೀಜು," ಅಂದ.

ಲಾರಿಯ ಮಡ್‌ಗಾರ್ಡಿಗೆ ಒರಗಿ ನಿಂತಿದ್ದ ಡ್ರೈವರ್ ಹಾಗೇ ನಿಂತಿದ್ದ. ಅವನ ಭಾವ, ಅಂದರೆ ಹೆಂಡತಿಯ ಅಣ್ಣ, ಹಳೆಯ ಟೈರೊಂದರ ಮೇಲೆ ಬಲಗಾಲನ್ನು ನೀಡಿಕೊಂಡು ಕೂತಿದ್ದ. ಲಾರಿಯಲ್ಲಿ ಇಬ್ಬರದೂ ಸಮಪಾಲು. ಇಪ್ಪತ್ತೊಂದು ವರ್ಷದ ಹಿಂದೆ ಇಬ್ಬರೂ ಸೇರಿ ಕೊಂಡದ್ದು. ಊರೂರಿನ ಖಾಲಿ ಬಾಟಲಿಗಳನ್ನು ತುಂಬಿಕೊಂಡು ಗಾಜಿನ ಕಾರ್ಖಾನೆಗೆ ಸುರಿದು ಬರುವ ಕೆಲಸ. ಒಂದು ವಾರ ಇವನು, ಒಂದು ವಾರ ಅವನು ಅಂತ ಸರದಿಯಲ್ಲಿ ಓಡಿಸುತ್ತಿದ್ದರು. ಭಾವನ ಬಲಮೊಣಕಾಲು ಕೈಕೊಟ್ಟ ಮೇಲೆ, ಎರಡು ವರ್ಷದಿಂದ, ಎರಡೂ ಸರದಿ ಇವನದೇ ಆಗಿತ್ತು. ಅದನ್ನು ಯಾರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದಲ್ಲ. ತಾನಾಗಿ ಹಾಗಾಯಿತು.

"ಎರಡು ದಾರಿ ಇದೆ," ಮೇಸ್ತ್ರಿ ಹೇಳಿದ. "ಇದನ್ನೇ ಬಿಚ್ಚಿ ಕಟ್ಟೋದು ಒಂದು. ಲೈನರು, ಪಿಸ್ಟನ್ನು, ಬೇರಿಂಗು ಹೊಸದು ಹಾಕಬೇಕು. ಬ್ಲಾಕ್ ಚೆನ್ನಾಗಿದ್ರೆ ಮೂರು ವಾರದ ಕೆಲಸ. ಇಲ್ಲ ಅಂದ್ರೆ, ಗುಜರಿಯವನ ಹತ್ರ ಇದೇ ಮಾಡೆಲ್ಲಿನ ಇಂಜಿನ್ ಒಂದು ಬಂದು ಬಿದ್ದಿದೆ. ಪಲ್ಟಿ ಹೊಡೆದ ಗಾಡೀದು. ಎತ್ತಿ ಕೂರಿಸಿದ್ರೆ ನಾಲ್ಕೇ ದಿನ, ರೋಡಿಗೆ ಹೋಗಬಹುದು. ಆದ್ರೆ ಅದು ಇದರ ಎರಡರಷ್ಟು ಬೀಳುತ್ತೆ. ಆ ಮನುಷ್ಯ ರೇಟಿನಲ್ಲಿ ಬಗ್ಗೋನಲ್ಲ."

"ಕೇಳೋದೇನಿದೆ, ಬಿಚ್ಚು," ಅಂದ ಭಾವ. "ಇದು ಕೆಮ್ಮಿದ್ರೆ ಯಾಕೆ ಕೆಮ್ತು ಅಂತ ನಮಗೆ ಗೊತ್ತು. ಯಾರದೋ ಇಂಜಿನ್ ತಂದು, ಅದರ ಗುಣ ಏನು ಅಂತ ಕಲೀತಾ ಕೂರೋ ವಯಸ್ಸಾ ಇದು? ಏನಂತೀಯ?"

ಕೊನೆಯ ಮಾತು ಡ್ರೈವರಿಗೆ. ಅವನು ಹೂಂ ಅನ್ನುತ್ತಾನೆ ಅಂತಲೇ ಭಾವ ಆಗಲೇ ಏಳಲು ಹೊರಟಿದ್ದ.

"ಬೇಡ ಭಾವ," ಅಂದ ಡ್ರೈವರ್. "ಬೇರೆದೇ ಹಾಕೋಣ."

ಭಾವ ಅರ್ಧ ಎದ್ದವನು ಮತ್ತೆ ಕೂತ. "ನೀನಾ ಹೇಳ್ತಿರೋದು? ಹೋದ ವರ್ಷ ಗಾಡಿ ಮಾರೋಣ ಅಂದಿದ್ದಕ್ಕೆ ಮೂರು ದಿನ ನನ್ನ ಹತ್ರ ಮಾತು ಬಿಟ್ಟಿದ್ದೆ."

"ಆಗ ಇಂಜಿನ್ ಓಡ್ತಿತ್ತು. ಈಗ ಇದು ಸತ್ತಿದೆ. ಬಿಚ್ಚಿ ನೋಡಿ ಏನು ಮಾಡೋದು? ಬಿಚ್ಚಿದ ಕೂಲಿ ದಂಡ."

ಮೇಸ್ತ್ರಿ ಬೀಡಿ ಹಚ್ಚುತ್ತ ಅವನನ್ನು ಒಂದು ಗಳಿಗೆ ನೋಡಿದ.

ನಡೆದದ್ದು ಇಷ್ಟೇ. ಮೂರು ದಿನದ ಹಿಂದೆ, ಮಧ್ಯಾಹ್ನದ ಹೊತ್ತು, ತುಂಬಿದ ಲೋಡು ಹೊತ್ತು ಏರು ಹತ್ತುತ್ತಿದ್ದಾಗ ಟೆಂಪರೇಚರ್ ಮುಳ್ಳು ಮೇಲಕ್ಕೆದ್ದಿತ್ತು. ಡ್ರೈವರ್ ನೋಡಲಿಲ್ಲ ಅಂತೇನಲ್ಲ. ಮುಳ್ಳು ಕೆಂಪು ಗೆರೆ ಮುಟ್ಟಿದ್ದು, ದಾಟಿದ್ದು, ಕೊನೆಗೆ ಅಂಚಿಗೆ ಹೋಗಿ ಒರಗಿಕೊಂಡದ್ದು, ಎಲ್ಲವನ್ನೂ ನೋಡಿದ. ಬಿಸಿಯಾದ ಎಣ್ಣೆಯ ವಾಸನೆಯೂ ಮೂಗಿಗೆ ಬಂತು. ನಿಲ್ಲಿಸಬೇಕು ಅಂತ ಗೊತ್ತಿತ್ತು. ನಿಲ್ಲಿಸಿದರೆ ಇಳಿಯಬೇಕು. ಚಕ್ರಕ್ಕೆ ಕಲ್ಲು ಕೊಡಬೇಕು. ಇಂಜಿನ್ ಆರುವ ತನಕ ಬಿಸಿಲಲ್ಲಿ ಕಾದು, ಕ್ಯಾನು ಹಿಡಿದು ನೀರು ಹುಡುಕಿಕೊಂಡು ಹೋಗಬೇಕು. ಬಿಡುವಿಲ್ಲದೆ ಗಾಡಿ ಹತ್ತಿದ್ದು ಅವತ್ತಿಗೆ ಹನ್ನೊಂದನೆಯ ದಿನ. ಮೈ ಹಿಂಡಿ ಹಾಕಿದ ಬಟ್ಟೆಯಂತಾಗಿತ್ತು. ಏರು ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡ. ಐದು ಕಿಲೋಮೀಟರ್ ಹಾಗೇ ಒತ್ತಿಕೊಂಡು ಹೋದ. ಏರಿನ ತುದಿ ಕಾಣುತ್ತಿದ್ದಾಗ ಇಂಜಿನ್ ಒಳಗಿಂದ ಹಲ್ಲು ಕಡಿದಂಥ ಸದ್ದು ಬಂದು ಗಾಡಿ ನಿಂತಿತು.

ಆಮೇಲೆ, ಆಗುವುದಿಲ್ಲ ಅಂದುಕೊಂಡಿದ್ದ ಕೆಲಸವನ್ನೆಲ್ಲ ಮಾಡಿದ. ಇಳಿದ, ಚಕ್ರಕ್ಕೆ ಕಲ್ಲು ಕೊಟ್ಟ, ಇಂಜಿನ್ ಆರುವ ತನಕ ಬಿಸಿಲಲ್ಲಿ ಕಾದ. ರೇಡಿಯೇಟರಿನ ಹೋಸ್ ಪೈಪು ಉದ್ದಕ್ಕೆ ಸೀಳಿ ನೀರೆಲ್ಲ ಸೋರಿಹೋಗಿತ್ತು. ಅದಕ್ಕೆ ಟ್ಯೂಬಿನ ರಬ್ಬರು ಸುತ್ತಿ, ತಂತಿ ಬಿಗಿದು, ಅರ್ಧ ಮೈಲಿ ನಡೆದು ಯಾರದೋ ಮನೆಯ ನಲ್ಲಿಯಿಂದ ನೀರು ತಂದು ಕಂಠಮಟ್ಟ ತುಂಬಿಸಿದ. ಎಲ್ಲ ಮುಗಿದ ಮೇಲೆ ಭಾವನಿಗೆ ಫೋನು ಮಾಡಿದ.

"ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು ಭಾವ."

"ನೀರು?"

"ತುಂಬಿದೆ."

ಸುಳ್ಳಲ್ಲ, ಆ ಹೊತ್ತಿಗೆ ತುಂಬಿತ್ತು.

ಮೇಸ್ತ್ರಿ ಸರಳು ಹಾಕಿ ನೋಡಿದ ದಿನವೇ ಸಂಜೆಗೆ ಮುಂಚೆ ಮೂವರೂ ಗುಜರಿ ಅಂಗಡಿಗೆ ಹೋದರು. ಬಾಗಿಲುಗಳ ರಾಶಿ, ಆಕ್ಸೆಲ್ಲುಗಳ ರಾಶಿ, ಸ್ಟೇರಿಂಗುಗಳ ರಾಶಿ ದಾಟಿ ಹಿಂದಕ್ಕೆ ಹೋದರೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಆ ಇಂಜಿನ್ ಕೂತಿತ್ತು. ಗುಜರಿಯವನು ಬ್ಯಾಟರಿ ತಂದು ಕ್ಲಿಪ್ಪು ಕಚ್ಚಿಸಿದ. ಮೊದಲನೇ ಹೊಡೆತಕ್ಕೇ ಹತ್ತಿಕೊಂಡಿತು. ಹೊಗೆಯಿಲ್ಲ, ನಡುಕವಿಲ್ಲ. ಮೇಸ್ತ್ರಿ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ವೈದ್ಯರ ಹಾಗೆ ಆಲಿಸಿ, "ಮಾಲು ಪರವಾಗಿಲ್ಲ," ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ಪಕ್ಕದಲ್ಲೇ ಆ ಇಂಜಿನ್ ಇದ್ದ ಲಾರಿಯ ಕ್ಯಾಬಿನ್ ಬಿದ್ದಿತ್ತು. ಚಾವಣಿ ಸೀಟಿಗೆ ಅಂಟಿಕೊಂಡಿತ್ತು.

"ಓಡಿಸ್ತಿದ್ದವನು ಏನಾದ?" ಭಾವ ಕೇಳಿದ.

"ನಾನು ಗಾಡಿ ಕೊಂಡಿದ್ದು, ಸುದ್ದಿ ಕೊಂಡಿಲ್ಲ," ಅಂದ ಗುಜರಿಯವನು. ಆಮೇಲೆ ತನಗೇ ಸರಿಕಾಣಲಿಲ್ಲವೇನೋ, "ನಿದ್ದೆಗೆಟ್ಟಿದ್ನಂತೆ," ಅಂತ ಸೇರಿಸಿದ.

ವಾಪಸು ಬರುವಾಗ ಭಾವ ಆಟೋ ಇಳಿಯುವಾಗ ಡ್ರೈವರಿನ ತೋಳು ಹಿಡಿದುಕೊಂಡ. ಮೊಣಕಾಲು ಮಡಚದ್ದರಿಂದ ಅವನಿಗೆ ಯಾರದಾದರೂ ತೋಳು ಬೇಕೇ ಬೇಕಿತ್ತು. "ನನಗೇನೋ ಇದನ್ನೇ ಕಟ್ಟಬೇಕು ಅಂತಿತ್ತು," ಅಂದ. "ಆದ್ರೆ ಓಡಿಸೋನು ನೀನು. ನಿನಗೆ ಗೊತ್ತಾಗದ್ದು ನನಗೇನು ಗೊತ್ತಾಗುತ್ತೆ? ಅದನ್ನೇ ತರೋಣ. ದುಡ್ಡಿಗೆ ನಾನೊಂದು ದಾರಿ ನೋಡ್ತೀನಿ."

ಆ ದಾರಿ ಯಾವುದು ಅಂತ ಡ್ರೈವರಿಗೆ ಗೊತ್ತಾದದ್ದು ಮನೆಯಲ್ಲಿ. ಅವನ ಹೆಂಡತಿ ಒಗೆದು ಒಣಗಿದ ಬಟ್ಟೆ ಮಡಚುತ್ತಿದ್ದಳು. ಗಂಡನ ಕಡೆ ತಿರುಗದೆಯೇ ಹೇಳಿದಳು.

"ಅಣ್ಣ ಫೋನ್ ಮಾಡಿದ್ದ. ಮೊಣಕಾಲಿನ ಆಪರೇಷನ್ ಈಗ ಬೇಡವಂತೆ. ಮುಂದಿನ ವರ್ಷ ನೋಡೋಣ ಅಂತಾನೆ."

"ಯಾಕಂತೆ?"

"ಯಾಕೆ ಅಂತ ನನ್ನ ಕೇಳ್ತೀರಲ್ಲ. ಆ ದುಡ್ಡು ಇಂಜಿನ್ನಿಗೆ ಬೇಕಂತೆ." ಅಂಗಿಯ ತೋಳನ್ನು ಎಳೆದು ಸರಿಮಾಡಿದಳು. "ಡಾಕ್ಟರು ಡೇಟ್ ಕೊಟ್ಟಾಗಿತ್ತು ರೀ. ಮೆಟ್ಟಿಲು ಹತ್ತೋಕಾಗದೆ ಅವನು ಕೆಳಗಿನ ರೂಮಲ್ಲಿ ಸಾಮಾನುಗಳ ಮಧ್ಯೆ ಮಲಗ್ತಿದ್ದಾನೆ. ಹಳೇ ಇಂಜಿನ್ನೇ ಕಟ್ಟಿಸಿದ್ರೆ ಏನಾಗ್ತಿತ್ತು?"

ಹೆಂಡತಿ ಕಾದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವನ ಮೌನಗಳನ್ನು ಒಂದೊಂದಾಗಿ ಗುರುತಿಸಬಲ್ಲವಳು ಅವಳು. ಇದು ಯಾವ ಬಗೆಯದು ಅಂತ ಮಾತ್ರ ಅವಳಿಗೆ ತಿಳಿಯಲಿಲ್ಲ.

"ಕಾಲು ಸೆಳೀತಿದೆ," ಅಂದು ಅವನು ಎದ್ದು ಒಳಗೆ ಹೋಗಿ ಮಲಗಿದ. ಹಗಲಿನ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಗೋಡೆಯಾಚೆ ಬಟ್ಟೆ ಮಡಚುವ ಸದ್ದು ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಯಿತು.

ಬೆಳಿಗ್ಗೆ ಗ್ಯಾರೇಜಿನ ಶಟರು ಅರ್ಧ ಎದ್ದಿರುವಾಗಲೇ ಡ್ರೈವರ್ ಬಗ್ಗಿ ಒಳಗೆ ಬಂದ.

"ಹೆಡ್ ಬಿಚ್ಚು," ಅಂದ.

ಮೇಸ್ತ್ರಿ ಟೀ ಲೋಟ ಕೆಳಗಿಟ್ಟ. "ನಿನ್ನೆ ದಂಡ ಅಂದೆ."

"ಬಿಚ್ಚು ಅಂದೆನಲ್ಲ."

ಮೇಸ್ತ್ರಿ ಸ್ಪ್ಯಾನರು ಹಿಡಿದ. ಬೋಲ್ಟುಗಳು ಒಂದೊಂದಾಗಿ ಕಿರುಗುಟ್ಟಿಕೊಂಡು ಹೊರಬಂದವು. ಡ್ರೈವರ್ ಅವನ್ನು ತೆಗೆದ ಕ್ರಮದಲ್ಲೇ ರಟ್ಟಿನ ಮೇಲೆ ಸಾಲಾಗಿ ಇಡುತ್ತ ಹೋದ. ಇಂಜಿನ್ನಿಗೆ ಮುಚ್ಚಳದಂತಿದ್ದ ಹೆಡ್ಡಿಗೆ ಚೈನು ಕಟ್ಟಿ ಮೇಲೆತ್ತಿದಾಗ ಸುಟ್ಟ ವಾಸನೆ ಗುಪ್ಪನೆ ಬಂತು. ಅದರಡಿಯ ಗ್ಯಾಸ್ಕೆಟ್ ಹಾಳೆ ಕರಕಲಾಗಿ ಹುಡಿಯಾಗಿತ್ತು. ಮೂರನೆಯ ಮತ್ತು ನಾಲ್ಕನೆಯ ಪಿಸ್ಟನ್ನುಗಳು ಕರಗಿ ಸುತ್ತಲಿನ ಲೈನರಿಗೆ ಬಳಿದುಕೊಂಡಿದ್ದವು. ಉಕ್ಕು ನೀಲಿಗೆ ತಿರುಗಿತ್ತು.

"ನೀರಿಲ್ಲದೆ ಎಷ್ಟು ದೂರ ಓಡಿಸಿದೆ?" ಮೇಸ್ತ್ರಿ ಮೆತ್ತಗೆ ಕೇಳಿದ.

"ಐದು."

"ಗಾಡಿ ಎಳೆದುಕೊಂಡು ಬಂದ ದಿನಾನೇ ಗೊತ್ತಾಯ್ತು ನನಗೆ. ಹೆಡ್ಡಿನ ಬಣ್ಣ ಸುಲಿದಿತ್ತು. ಹೋಸಿಗೆ ಹೊಸ ತಂತಿ ಬೇರೆ ಕಟ್ಟಿದ್ದೆ." ಬೆರಳಿನಿಂದ ಲೈನರಿನ ಗೀರನ್ನು ಸವರಿದ. "ನೋಡು, ನಾನೂ ಸಂಸಾರಸ್ಥ. ನಿಮ್ಮ ಭಾವ ಬಂದ್ರೆ ಆಯಿಲ್ ಪಂಪ್ ಹೋಗಿತ್ತು ಅಂತ ಹೇಳ್ತೀನಿ. ಹಳೇ ಗಾಡಿ, ನಂಬ್ತಾನೆ. ಇಲ್ಲಿಗೇ ಮುಗೀಲಿ."

ಹೌದು ಅನ್ನುವುದು ಎಷ್ಟು ಸುಲಭವಾಗಿತ್ತೆಂದರೆ, ಡ್ರೈವರಿಗೆ ಅವತ್ತಿನ ಏರು ನೆನಪಾಯಿತು. ಅವತ್ತೂ ಹೀಗೇ ಇತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು.

ಹತ್ತು ಗಂಟೆಗೆ ಭಾವ ಬಂದ. ಗ್ಯಾರೇಜಿನ ಇಳಿಜಾರನ್ನು ಅಡ್ಡಡ್ಡ ಹೆಜ್ಜೆ ಹಾಕಿ ಹತ್ತಿ, ಬಿಚ್ಚಿ ಹಾಕಿದ ಇಂಜಿನ್ ನೋಡಿ ನಿಂತ. "ಏನಿದು? ಬೇಡ ಅಂದಿದ್ದಲ್ವಾ?"

ಮೇಸ್ತ್ರಿ ಕೆಮ್ಮಿದ. "ಅದೇನಾಗಿದೆ ಅಂದ್ರೆ, ಆಯಿಲ್ ಪಂಪು..."

"ಪಂಪಲ್ಲ," ಅಂದ ಡ್ರೈವರ್. "ಭಾವ, ಹೋಸ್ ಒಡೆದಿತ್ತು. ಮುಳ್ಳು ಕೆಂಪಿಗೆ ಹೋಗಿದ್ದು ನಾನು ನೋಡಿದ್ದೆ. ನಿಲ್ಲಿಸಲಿಲ್ಲ. ಆಮೇಲೆ ನೀರು ತುಂಬಿಸಿ ನಿಮಗೆ ಫೋನ್ ಮಾಡಿದೆ."

ಭಾವ ಬಗ್ಗಿ ಹೋಸಿಗೆ ಸುತ್ತಿದ್ದ ತಂತಿಯನ್ನು ಮುಟ್ಟಿ ನೋಡಿದ.

"ಎಷ್ಟು ದೂರ?"

"ಐದು ಕಿಲೋಮೀಟರ್."

"ಯಾಕೆ ನಿಲ್ಲಿಸಲಿಲ್ಲ?"

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಅದೇ. "ಇಳಿಯೋಕೆ ಆಗಲಿಲ್ಲ," ಅಂದ. "ಸುಸ್ತಾಗಿತ್ತು, ಅಷ್ಟೇ."

ಭಾವನ ಮುಖ ಕೆಂಪೇರಿತು. "ಇಂಜಿನ್ ಹೋದ್ರೆ ಹಾಳಾಗಿ ಹೋಗಲಿ. ಅದು ಕಬ್ಬಿಣ. ನಿನ್ನೆ ನನ್ನ ಕರ್ಕೊಂಡು ಹೋಗಿ ಗುಜರಿ ಅಂಗಡೀಲಿ ನಿಲ್ಲಿಸಿದೆಯಲ್ಲ, ನಾನು ಹೂಂ ಅಂದೆನಲ್ಲ, ಆಗ ನಿನ್ನ ಬಾಯಿಗೇನಾಗಿತ್ತು? ನಾನು ಕಾಲನ್ನೇ ಬಿಟ್ಟುಕೊಟ್ಟು ಬಂದೆ ಕಣಯ್ಯ. ತಂಗಿಗೂ ಹೇಳಿದೆ, ಡಾಕ್ಟರಿಗೂ ಹೇಳಿದೆ!" ಕೈಗೆ ಸಿಕ್ಕ ಸ್ಪ್ಯಾನರನ್ನು ಎತ್ತಿ, ಎಸೆಯಲು ಜಾಗ ಸಿಗದವನಂತೆ ಅತ್ತಿತ್ತ ನೋಡಿ, ಅಲ್ಲೇ ಇಟ್ಟ. ಕುಂಟುತ್ತ ಹೋಗಿ ಲಾರಿಯ ಹಿಂಬದಿಯಲ್ಲಿ ಅವರಿಗೆ ಬೆನ್ನು ಹಾಕಿ ಕೂತ.

ಯಾರೂ ಅವನ ಹತ್ತಿರ ಹೋಗಲಿಲ್ಲ. ಮೇಸ್ತ್ರಿ ಡೀಸೆಲ್ ಬಟ್ಟಲಲ್ಲಿ ವಾಲ್ವುಗಳನ್ನು ತೊಳೆಯತೊಡಗಿದ. ಡ್ರೈವರ್ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಬ್ರಷ್ ತಗೊಂಡ. ಎದೆ ಹಗುರಾಗಲಿಲ್ಲ. ಮೈಯೆಲ್ಲ ಇನ್ನಷ್ಟು ಭಾರವಾಯಿತು, ಅಷ್ಟೇ. ಮಸಿ ಬಿಟ್ಟುಕೊಂಡು ವಾಲ್ವಿನ ಅಂಚು ಹೊಳೆಯತೊಡಗಿದರೂ ಅವನು ಉಜ್ಜುತ್ತಲೇ ಇದ್ದ.

ಮುಕ್ಕಾಲು ಗಂಟೆಯಾದ ಮೇಲೆ ಲಾರಿಯ ಹಿಂದಿನಿಂದ ದನಿ ಬಂತು.

"ಮೇಸ್ತ್ರಿ, ಬ್ಲಾಕ್ ಹೇಗಿದೆ?"

"ಬ್ಲಾಕಿಗೆ ಏನೂ ಆಗಿಲ್ಲ. ಹೆಡ್ ಬಾಗಿದೆ, ಮಟ್ಟ ಹೊಡೆಸಬೇಕು. ಕಟ್ಟಬಹುದು."

"ಮೂರು ವಾರ?"

"ಮೂರು ವಾರ."

ಭಾವ ಲಾರಿಯ ಅಂಚು ಹಿಡಿದುಕೊಂಡು ಎದ್ದು ಬಂದ. ಡ್ರೈವರಿನ ಮುಖ ನೋಡಲಿಲ್ಲ. ಇಂಜಿನ್ನಿನ ಒಳಗೆ ಬಗ್ಗಿ ನೋಡುತ್ತ ಮಾತಾಡಿದ. "ಕಟ್ಟು. ಡಾಕ್ಟರಿಗೆ ಫೋನ್ ಮಾಡ್ತೀನಿ, ಆ ಡೇಟ್ ಇನ್ನೂ ಇದ್ರೆ ಇರಲಿ. ಮೂರು ವಾರ ನಾನು ಹಾಸಿಗೆ ಮೇಲೆ ಇರ್ತೀನಿ." ಸ್ವಲ್ಪ ತಡೆದು, "ಇವನೂ ಮಲಗಲಿ," ಅಂದ. ಪಕ್ಕದಲ್ಲೇ ಇರುವವನ ಬಗ್ಗೆ ಮೇಸ್ತ್ರಿಗೆ ಹೇಳಿದ. "ಎರಡು ವರ್ಷ ಆಯ್ತು ಸರಿಯಾಗಿ ಮಲಗಿ. ಬೇರೆಯವರ ಗಾಡಿ ಹತ್ತಿದ ಅಂತ ನನಗೆ ಗೊತ್ತಾದ್ರೆ ಕಾಲು ಮುರೀತೀನಿ ಅಂತ ಹೇಳು."

"ಮೊದಲು ಒಂದು ಕಾಲು ರಿಪೇರಿಯಾಗಲಿ," ಅಂದ ಮೇಸ್ತ್ರಿ. ಯಾರೂ ನಗಲಿಲ್ಲ.

ಮಟ್ಟ ಹೊಡೆಸಲು ಹೆಡ್ಡನ್ನು ರಸ್ತೆಯಾಚೆಯ ಲೇತ್ ಅಂಗಡಿಗೆ ಒಯ್ಯಬೇಕಿತ್ತು. ಮೇಸ್ತ್ರಿ ಗೋಣಿಚೀಲದ ಮೇಲೆ ಅದನ್ನು ಇಳಿಸಿ, ಕೈಗಾಡಿ ತರುತ್ತೇನೆ ಅಂತ ಹೊರಟ. ಭಾವ ಕಾಯಲಿಲ್ಲ. ಬಗ್ಗಿ ಗೋಣಿಯ ಒಂದು ತುದಿಯ ಎರಡೂ ಮೂಲೆ ಹಿಡಿದ. ಬೇಡ ಅನ್ನಲು ಹೋದ ಡ್ರೈವರ್, ಅವನ ಮುಖ ನೋಡಿ, ಸುಮ್ಮನೆ ಇನ್ನೊಂದು ತುದಿ ಹಿಡಿದ. ಇಬ್ಬರೂ ಎತ್ತಿದರು. ಭಾವ ಮುಂದೆ, ಒಂದು ಪಕ್ಕಕ್ಕೆ ವಾಲಿಕೊಂಡು ಎಡಗಾಲು ಎಸೆದು, ಬಲಗಾಲು ಎಳೆದು ನಡೆದ. ಡ್ರೈವರ್ ಆ ಲೆಕ್ಕಕ್ಕೆ ತನ್ನ ಹೆಜ್ಜೆಯನ್ನು ಕುಗ್ಗಿಸಿಕೊಂಡ.

ನಡುರಸ್ತೆಗೆ ಬರುವಷ್ಟರಲ್ಲಿ ಭಾವನ ಉಸಿರು ಮುಗಿಯಿತು. "ಇಳಿಸು," ಅಂದ. ಹೆಡ್ಡನ್ನು ಡಾಂಬರಿನ ಮೇಲೆ ಇಳಿಸಿದರು. ಒಂದು ಬಸ್ಸು ಬಂದು ಮೂಗಿಗೆ ತಾಗುವಷ್ಟು ಹತ್ತಿರ ನಿಂತು ಹಾರನ್ ಹೊಡೆಯಿತು. ಅದರ ಹಿಂದೆ ಇನ್ನೊಂದು ಗಾಡಿ, ಅದರ ಹಿಂದೆ ಮತ್ತೊಂದು. ಭಾವ ತೊಡೆಯ ಮೇಲೆ ಒಂದು ಕೈಯೂರಿ, ತಲೆಯೆತ್ತದೆ, ಇನ್ನೊಂದು ಕೈಯನ್ನು ಬಸ್ಸಿನ ಕಡೆ ಚಾಚಿ ತಡೆದ. ಡ್ರೈವರ್ ಗೋಣಿಯ ಮೂಲೆಗಳನ್ನು ಬಿಡದೆ, ಹಾರನ್ನುಗಳ ನಡುವೆ, ಭಾವನ ಪಾದ ಯಾವಾಗ ಅಲ್ಲಾಡುತ್ತದೆ ಅಂತ ನೋಡುತ್ತ ನಿಂತಿದ್ದ.