ಶಿವಬಸವ್ವ ಬರೆಸಿದ ಕರಾರು

ನಾಕೈದು ದಿನಕ್ಕೊಮ್ಮೆ ನಳ ಬರೂ ಓಣ್ಯಾಗ, ನೀರು ಬಂತಂದ್ರ ಅಕ್ಕತಂಗೇರೂ ಒಂದು ತಾಸು ವೈರಿಗಳ! ಆದ್ರ ಉಣಕಲ್‌ನ ಶಿವಬಸವ್ವನ ಮನ್ಯಾಗ ಜಗಳಿಲ್ಲ. ಅಲ್ಲಿ ಕಾಯ್ದೆ ಒಂದ: ಮೊದ್ಲ ಮಾಲಕರ ಕೊಡ, ಆಮ್ಯಾಲೆ ಬಾಡಿಗಿಯವರ ಕೊಡ.

ಬಾಡಿಗಿಯಾಕಿ ಪ್ರಭಾವತಿ, ಹೆಬ್ಬಳ್ಳಿಯಾಕಿ. ಗಂಡ ತೀರಿಕೊಂಡ ಮ್ಯಾಲೆ ಮಗಳನ್ನ ಕರಕೊಂಡು ಬಂದು, ಹಿತ್ತಲ ಖೋಲ್ಯಾಗ ಹೊಲಿಗಿ ಮಷಿನ್ ಹಾಕ್ಕೊಂಡಿದ್ಲು. ನಾಕು ವರ್ಷ ಆತು. "ನಾ ಇರೂತನಕ ನೀ ಇರವಾ" ಅಂದಿದ್ಲು ಶಿವಬಸವ್ವ. ಅದೊಂದು ಮಾತಿನ ಮ್ಯಾಲೆ ಪ್ರಭಾವತಿ ಸಂಸಾರ ನಿಂತಿತ್ತು.

ಬಾಜೂ ಮನಿ ಹಾಜರಾಬಿ ಸ್ವಸಹಾಯ ಸಂಘದಾಕಿ. ಇಪ್ಪತ್ತು ವರ್ಷ ಬಾಡಿಗಿ ಮನ್ಯಾಗ ಪಳಗಿದಾಕಿ. ಒಂದಿನ ಇಬ್ಬರ ಮುಂದನ ಮಾತು ತಗದ್ಲು.

"ದೊಡ್ಡವ್ವಾ, ಪ್ರಭಾಗ ಒಂದು ಕರಾರು ಪತ್ರ ಮಾಡಿಕೊಡವಾ."

"ಕರಾರಾ?" ಶಿವಬಸವ್ವ ಎದ್ದ ನಿಂತ್ಲು. "ಕಾಗದ ಮಾಡಿಕೊಟ್ರ ಮನಿ ಅವರ ಹೆಸರಿಗೆ ಹೋಗತೈತಿ. ನಾಳಿ ನನ್ನ ಓಣಿಗೆ ಹಾಕ್ತಾರ. ನನಗೇನು ಹುಚ್ಚ ಹಿಡದೈತೇನು?"

ಪ್ರಭಾವತಿಗೆ ನಾಚಿಕಿ ಆತು. "ಬಿಡ ಹಾಜರಾ. ತಾಯಿ ಹಂತ್ಯಾಕ ಯಾರರ ಕಾಗದ ಕೇಳ್ತಾರೇನು?"

ಅಲ್ಲಿಗೆ ಮಾತು ಮುಗೀತು. ಮುಗೀಬಾರದಿತ್ತು.

ಫೆಬ್ರುವರ್ಯಾಗ ಶಿವಬಸವ್ವ ಬಚ್ಚಲದಾಗ ಜಾರಿ ಬಿದ್ಲು. ಟೊಂಕದ ಎಲುಬು ಮುರೀತು, ಆಪರೇಶನ್ ಆತು. ಗೋಕುಲ ರಸ್ತೆದಾಗ ಅಂಗಡಿ ಇಟ್ಟ ಆಕಿ ಅಣ್ಣನ ಮಗ ಗುರುಪಾದ ಮನಿಗೆ ಕೀಲಿ ಹಾಕಾಕ ಬಂದ.

"ಅಕ್ಕಾರ, ಅತ್ತಿ ಇನ್ನ ನಮ್ಮ ಮನ್ಯಾಗ ಇರ್ತಾಳ್ರಿ. ಹದಿನೈದು ದಿನದಾಗ ಖೋಲಿ ಖಾಲಿ ಮಾಡ್ರಿ."

"ಅಣ್ಣಾರ, ಮುಂದಿನ ತಿಂಗಳ ಹುಡುಗಿ ಹತ್ತನೇ ಕ್ಲಾಸಿನ ಪರೀಕ್ಷಾ ಐತ್ರಿ! ತಾ ಇರೂತನಕ ಇರು ಅಂದಾರ್ರಿ ದೊಡ್ಡವ್ವ."

"ನನಗ ಹೇಳಿಲ್ಲಲ್ರಿ. ಕಾಗದ ಐತೇನ್ರಿ?"

ಗುರುಪಾದ ಕೆಟ್ಟಾಂವ ಅಲ್ಲ, ಖರೇನ ಅವಗ ಗೊತ್ತಿರಲಿಲ್ಲ. ಒಳಗ ಮಗಳು ಗಣಿತ ಬಿಡಸೂದು ಬಿಟ್ಟು, ಪೆನ್ನು ಹಿಡಕೊಂಡು ಹಂಗ ಕುಂತಿದ್ಲು.

ಮರುದಿನ ಹಾಜರಾಬಿ ಗಂಜಿ ಡಬ್ಬಿ ಹಿಡಕೊಂಡು, ಪ್ರಭಾವತಿನ್ನೂ ಎಳಕೊಂಡು ದವಾಖಾನಿಗೆ ಹೋದ್ಲು. ಸುದ್ದಿ ಕೇಳಿ ಶಿವಬಸವ್ವಗ ಮಲಗಿದಲ್ಲೇ ಸಿಟ್ಟು ಬಂತು.

"ಆಂವ ಹಂಗಂದ್ನೇನು? ನಾ ಹೇಳೇನಲ್ಲ, ಇರು ಅಂತ!"

"ಯಾರಿಗೆ ಹೇಳಿದ್ದಿ ದೊಡ್ಡವ್ವಾ? ಪ್ರಭಾಗ ಅಷ್ಟ. ಡಾಕ್ಟರು ನಿನಗ ಇಂಜಕ್ಷನ್ ಕೊಟ್ಟು ಮಲಗಿಸಿದ್ರು. ನಿನ್ನ ಜೋಡಿ ನಿನ್ನ ಮಾತೂ ಮಲಗಿತು."

ಶಿವಬಸವ್ವ ಗಂಜಿಗೆ ಬಾಯಿ ತಗದ್ಲು. ಹಾಜರಾಬಿ ಗಂಜಿ ಕುಡಿಸಿಕೋತ ಹೇಳಿದ್ಲು.

"ಕರಾರು ಅಂದ್ರ ಮನಿ ಬರಕೊಡೂದಲ್ಲವಾ. ಇಬ್ಬರ ನಡುವಿನ ಮಾತು ಬರದಿಡೂದು. ಬಾಡಿಗಿ ಎಷ್ಟು, ಡಿಪಾಜಿಟ್ ಎಷ್ಟು, ಎಷ್ಟು ತಿಂಗಳಿಗೆ, ಬಿಡಸೂದಾದ್ರ ಎಷ್ಟು ದಿನ ಮೊದ್ಲ ಹೇಳಬೇಕು, ಲೈಟ್ ಬಿಲ್ ಯಾರು ಕಟ್ಟಬೇಕು."

"ಮತ್ತ ಮನಿ?"

"ಮನಿ ನಿಂದ! ಮನಿ ಮಾಲಕರು ಶಿವಬಸವ್ವ ಅಂತ ಮ್ಯಾಲೇನ ಬರೀತಾರ. ಕೆಳಗ ಹೌದು ಅಂತ ಪ್ರಭಾ ತಾನ ಸಹಿ ಹಾಕ್ತಾಳ. ಇದಕ್ಕಿಂತ ಹೆಚ್ಚಿನ ಕಾವಲು ಬೇಕೇನು ನಿನಗ?"

ಶಿವಬಸವ್ವನ ಕಣ್ಣು ಒದ್ದಿ ಆತು. "ಇನ್ನೊಮ್ಮೆ ಹೇಳ ಅದನ್ನ, ಮಾಲಕರು ಅನ್ನೂದನ್ನ."

ಅತ್ತಿ ಮಾತು ಕೇಳಿ, ನಾಕು ದಿನದಾಗ ಗುರುಪಾದ ತಾನ ಬಾಂಡ್ ಪೇಪರ ತಂದ. ಬರೆಯೂ ಮೊದ್ಲ ದವಾಖಾನ್ಯಾಗ ಅತ್ತಿ ಹಾಸಿಗಿ ಬಾಜೂ ಕುಂತು, ಪ್ರಭಾವತಿ ಮುಂದ ಕರಡು ಓದಿದ. "ಹನ್ನೊಂದು ತಿಂಗಳು. ಬಿಡಸೂದಾದ್ರ ಎರಡು ತಿಂಗಳು ಮೊದ್ಲ ಹೇಳಬೇಕು. ಮತ್ತೇನರ ಸೇರಸೂದೈತೇನು ಅತ್ತಿ?"

"ನಳದ್ದು ಬರದಿಯೇನು?"

ಪ್ರಭಾವತಿ ತಲಿ ತಗ್ಗಿಸಿದ್ಲು. ಆ ಕಾಯ್ದೆ ಆಕಿಗೆ ಗೊತ್ತಿದ್ದದ್ದ. ಮೊದ್ಲ ಮಾಲಕರ ಕೊಡ.

"ಬರಿ," ಅಂದ್ಲು ಶಿವಬಸವ್ವ. "ನಾ ತಿರುಗಿ ಮನಿಗೆ ಬಂದ ಮ್ಯಾಲೂ, ನಳ ಬಂದಾಗ ಮೊದ್ಲ ಪ್ರಭಾ ತುಂಬ್ಕೋಬೇಕು. ಹುಡುಗಿಗೆ ಸಾಲಿಗೆ ಹೊತ್ತಾಗತೈತಿ."

"ಅಯ್ಯ, ಅದನ್ಯಾಕ ಬರಸ್ತೀರಿ ದೊಡ್ಡವ್ವಾ? ಬಾಯಿಲೇ ಹೇಳಿದ್ರ ಸಾಕ್ರಿ."

"ಬಾಯಿಮಾತು ಮಲಗತೈತಂತ, ಹಾಜರಾ ಹೇಳ್ಯಾಳ. ಬರಿಯೋ ಗುರುಪಾದಾ!"

ಅಕ್ಕಾರ, ಅಣ್ಣಾರ, ನೀವು ಬಾಡಿಗಿ ಇದ್ರೂ ಸರಿ, ಬಾಡಿಗಿ ಕೊಟ್ರೂ ಸರಿ, ಕರಾರು ಬರಸ್ರಿ. ಇಬ್ಬರೂ ಸಹಿ ಹಾಕ್ರಿ, ಇಬ್ಬರು ಸಾಕ್ಷಿದಾರರ ಸಹಿ ಹಾಕಸ್ರಿ, ಒಂದೊಂದು ಪ್ರತಿ ಇಬ್ಬರ ಹಂತ್ಯಾಕೂ ಇರಲಿ. ಅವಧಿ ಮುಗದ ಕೂಡ್ಲೇ ಹೊಸಾದು ಮಾಡಸ್ರಿ. ವರ್ಷಕ್ಕಿಂತ ಹೆಚ್ಚಿಗಿ ಅವಧಿ ಇದ್ರ ಸಬ್‌ರಿಜಿಸ್ಟ್ರಾರ್ ಕಚೇರ್ಯಾಗ ನೋಂದಣಿ ಮಾಡಸ್ರಿ. ಕೇಳಾಕ ನಾಚಿಕಿ ಆಗತೈತೇನು? ಇವತ್ತ ಸಂಜಿಕ ಮಾಲಕರ ಮನಿಗೆ ಚಾ ಕುಡಿಯಾಕ ಹೋಗ್ರಿ. ಕಪ್ಪು ಕೆಳಗಿಡೂದ್ರಾಗ ಮಾತು ತಗೀರಿ!