ಬುಟ್ಟಿ ಹೊರಿಸುವವನು

ಸತ್ಯವ್ವನಿಗೆ ಬುಟ್ಟಿ ಹೊರಿಸುವವರು ಇರಲಿಲ್ಲ.

ಹುಬ್ಬಳ್ಳಿಯ ಲೋಕೋ ಶೆಡ್ಡಿನ ಇದ್ದಲ ಯಾರ್ಡಿನಲ್ಲಿ ಕೆಲಸ ಸಿಗುತ್ತಿದ್ದದ್ದು ಜೋಡಿಗೆ. ಗಂಡಸು ಸಲಿಕೆಯಿಂದ ಬುಟ್ಟಿ ತುಂಬಿ, ಎತ್ತಿ, ಹೆಂಗಸಿನ ತಲೆಯ ಮೇಲೆ ಇಡಬೇಕು. ಹೆಂಗಸು ಅದನ್ನು ಹೊತ್ತು ಹಲಗೆಯ ಏರು ಹತ್ತಿ, ಕಲ್ಲಿನ ಕಟ್ಟೆಯ ಮೇಲಿಂದ ಎಂಜಿನ್ನಿನ ಹಿಂದಿನ ತೊಟ್ಟಿಗೆ ಸುರಿದು ಬರಬೇಕು. ತುಂಬಿದ ಬುಟ್ಟಿಯನ್ನು ಒಬ್ಬಳೇ ನೆಲದಿಂದ ಎತ್ತಿ ತಲೆಗೆ ಏರಿಸಿಕೊಳ್ಳುವುದು ಆಗದ ಮಾತು. ಆದ್ದರಿಂದ ಗುತ್ತಿಗೆದಾರ ಕುಬೇರಪ್ಪ ಗಂಡ ಹೆಂಡತಿಯನ್ನು ಕೂಡಿಸಿಯೇ ಕೆಲಸಕ್ಕೆ ಹಚ್ಚುತ್ತಿದ್ದ. ಅಂಥ ಮೂವತ್ತು ಜೋಡಿಗಳಿದ್ದವು.

ಸತ್ಯವ್ವ ಗೋಪನಕೊಪ್ಪದವಳು. ಅವಳ ಗಂಡ ಇದೇ ಯಾರ್ಡಿನಲ್ಲಿ ಸಲಿಕೆ ಹಿಡಿದಿದ್ದವನು. ಅವನು ವಾಂತಿಭೇದಿಯಲ್ಲಿ ಸತ್ತು ನಾಲ್ಕು ವರ್ಷವಾಗಿತ್ತು. ಆಮೇಲೆ ಕುಬೇರಪ್ಪ ಅವಳ ಹೆಸರನ್ನು ಪಟ್ಟಿಯಿಂದ ತೆಗೆದ. ಬೆಳಿಗ್ಗೆ ಬಂದು ಗೇಟಿನ ಹತ್ತಿರ ಕೂಡುವುದಕ್ಕೆ ಮಾತ್ರ ಬೇಡ ಅನ್ನಲಿಲ್ಲ. ಯಾರ ಹೆಂಡತಿಗಾದರೂ ಜ್ವರ ಬಂದರೆ ಆ ದಿನ ಅವಳಿಗೆ ಕೆಲಸ. ಹಾಗೆ ನಾಲ್ಕು ವರ್ಷ ಅವಳು ಬೇರೆಯವರ ಜ್ವರದ ಮೇಲೆ ಬದುಕಿದಳು. ಇನ್ನೊಬ್ಬಳ ಗಂಡ ಹೊರಿಸುವ ಬುಟ್ಟಿ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಧಪ್ಪನೆ ಕುತ್ತಿಗೆಯ ಮೇಲೆ ಬೀಳುತ್ತಿತ್ತು, ಅಷ್ಟೇ.

ಮೂವತ್ತೆರಡನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ಗಬ್ಬೂರಿನ ಮೈಲಾರಲಿಂಗಪ್ಪನ ಹೆಂಡತಿ ಫಕೀರವ್ವ ಚೊಚ್ಚಲ ಹೆರಿಗೆಗೆ ಅಣ್ಣಿಗೇರಿಗೆ ಹೋದಳು. ಕುಬೇರಪ್ಪ ಅವನನ್ನು ಕರೆದುಕೊಂಡು ಗೇಟಿಗೆ ಬಂದು ಸತ್ಯವ್ವನಿಗೆ ಹೇಳಿದ:

"ಏಳವಾ, ಇವನ ಜೋಡಿ ನಿಲ್ಲು. ಬಾಣಂತನ ಮುಗಿಸಿ ಆಕಿ ಬರೂ ತನಕ ನಿಂದು ಕೆಲಸ. ಐದು ತಿಂಗಳು ಅಂತ ತಿಳ್ಕೊ."

ಮೈಲಾರಲಿಂಗಪ್ಪ ಮಾತು ಕಡಿಮೆಯ ಆಳು. ಅವನು ದೊಡ್ಡ ಹೆಂಟೆಗಳನ್ನು ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ಸಣ್ಣವನ್ನು ಹರಡಿ, ಪುಡಿಯನ್ನು ಬಿಟ್ಟುಬಿಡುತ್ತಿದ್ದ. ಪುಡಿ ಇದ್ದರೆ ನಡೆಯುವಾಗ ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದರೆ ಹೆಂಗಸು ಹಲಗೆಯ ಮೇಲೆ ನಿಲ್ಲುತ್ತಾಳೆ, ನಿಂತರೆ ಹಿಂದಿನವರು ನಿಲ್ಲಬೇಕಾಗುತ್ತದೆ. ಅವನ ಲೆಕ್ಕ ಇಷ್ಟೇ. ಬುಟ್ಟಿ ಎತ್ತಿ ತಲೆಯ ಮೇಲಿನ ಬಟ್ಟೆಯ ಸಿಂಬಿಗೆ ತಾಗಿಸಿದ ಮೇಲೆಯೂ ಅವನು ಕೈ ಬಿಡುತ್ತಿರಲಿಲ್ಲ. ಅವಳು "ಹೂಂ" ಅಂದ ಮೇಲೆ ಬಿಡುತ್ತಿದ್ದ. ಫಕೀರವ್ವನಿಗೂ ಹಾಗೆಯೇ ಮಾಡುತ್ತಿದ್ದ. ಅದು ಅವನ ರೂಢಿ, ಪ್ರೀತಿಯಲ್ಲ. ಸತ್ಯವ್ವನಿಗೂ ಅದು ತಿಳಿದಿತ್ತು.

ಆದರೆ ಅವಳು "ಹೂಂ" ಅನ್ನುವ ತನಕ ಭಾರ ಇಬ್ಬರ ಮೇಲೂ ಇರುತ್ತಿತ್ತು. ದಿನಕ್ಕೆ ಎಪ್ಪತ್ತು ಸಲ ಅಷ್ಟು ಹೊತ್ತು ಅವಳ ಭಾರವನ್ನು ಇನ್ನೊಬ್ಬರು ಹಿಡಿದಿರುತ್ತಿದ್ದರು. ಕಾರ್ತಿಕ ಕಳೆಯುವ ಹೊತ್ತಿಗೆ ಅವಳ "ಹೂಂ" ತಡವಾಗತೊಡಗಿತು.

"ಕುಂತಿಲ್ಲೇನ ಬುಟ್ಟಿ?" ಎಂದು ಅವನು ಕೇಳುತ್ತಿದ್ದ.

"ಕೂಡಾಕತ್ತೇತಿ."

"ಸಿಂಬಿ ಸಣ್ಣದಾಗೇತಿ ನೋಡು. ಬ್ಯಾರೆ ಸುತ್ತಿಕೊ."

ಅವಳು ಬೇರೆ ಸಿಂಬಿ ಸುತ್ತಲಿಲ್ಲ.

ಹೆಂಗಸರ ಕಣ್ಣಿಗೆ ಇಂಥದ್ದು ತಪ್ಪುವುದಿಲ್ಲ. ಯಾರ್ಡಿನ ಹೆಂಗಸರೆಲ್ಲ ಮೈಲಾರಲಿಂಗಪ್ಪನನ್ನು "ಯಣ್ಣಾ" ಎಂದು ಕರೆಯುತ್ತಿದ್ದರು. ಸತ್ಯವ್ವ ಅವನನ್ನು ಏನೂ ಕರೆಯುತ್ತಿರಲಿಲ್ಲ. ಒಂದು ದಿನ ಬುತ್ತಿ ಬಿಚ್ಚುವ ಹೊತ್ತಿಗೆ, ನಳದ ಹತ್ತಿರ ಬಿಟ್ಟಿದ್ದ ಸಲಿಕೆ ಯಾರದೆಂದು ಮಾಳವ್ವ ಕೇಳಿದಳು. ಮಾಳವ್ವ ಯಾರ್ಡಿನಲ್ಲಿ ಎಲ್ಲರಿಗಿಂತ ಹಳಬಳು.

"ನಮ್ಮವರದು," ಅಂದಳು ಸತ್ಯವ್ವ.

"ನಮ್ಮವರಂದ್ರ ಯಾರವಾ?"

"ಅದ... ಗಬ್ಬೂರವರು."

"ಗಬ್ಬೂರಾಗ ಮನಿ ಭಾಳ ಅದಾವು. ಹೆಸರಿಲ್ಲೇನು ಅವಂಗ?"

ಸತ್ಯವ್ವ ರೊಟ್ಟಿ ಮುರಿದಳು. ಪಕ್ಕದಲ್ಲಿ ಕೂತಿದ್ದ ಗುಲ್ಜಾರಬಿ ನಕ್ಕಳು. "ಹೆಸರು ಬಾಯಾಗ ಬರೂದಿಲ್ಲಂತ. ಮಾಳವ್ವಾ, ನಾವು ಗಂಡನ ಹೆಸರು ಹೇಳಾರದವರು. ಈಕಿ ಮಂದಿ ಗಂಡನ ಹೆಸರೂ ಹೇಳೂದಿಲ್ಲ. ನಮಗಿಂತ ಮಡಿ."

"ಯಣ್ಣಾ ಅನ್ನವಾ," ಅಂದಳು ಮಾಳವ್ವ, ಈಗ ನಗದೆ. "ಯಣ್ಣಾ ಅಂದುಬಿಟ್ರ ಎಲ್ಲಾ ಮುಗೀತು. ಫಕೀರವ್ವ ಬಂದು ಕೇಳಿದ್ರ ನಾವೂ ಒಂದ ಮಾತು ಹೇಳಾಕ ಬರ್ತೇತಿ."

ಅಣ್ಣ ಅನ್ನುವುದು ಸತ್ಯವ್ವನಿಂದ ಆಗಲಿಲ್ಲ. ಉಳಿದದ್ದು ಹೆಸರೊಂದೇ. ಆ ಸಂಜೆ ಒಲೆ ಹೊತ್ತಿಸುತ್ತ ಅವಳು ಅವನ ಹೆಸರನ್ನು ಬಾಯಿಬಿಟ್ಟು ಹೇಳಿದಳು. ಮೊದಲ ಸಲ ಅರ್ಧ ಹೆಸರು ಮಾತ್ರ ಬಂತು. ರೊಟ್ಟಿ ಬಡಿಯುತ್ತ ಮತ್ತೆ ಹೇಳಿದಳು. ಅನ್ನ, ಉಪ್ಪು, ಕಟ್ಟಿಗೆ ಎಂದಷ್ಟೇ ಸಪ್ಪಗೆ ಆಗುವ ತನಕ ಎಷ್ಟೋ ದಿನ ಹೇಳಿದಳು. ಆಮೇಲೆ ಯಾರ್ಡಿನಲ್ಲಿ ಎಲ್ಲರ ಎದುರಿಗೆ, "ಮೈಲಾರಲಿಂಗಪ್ಪ, ಬುಟ್ಟಿ ಅಂಚು ಬಿಚ್ಚೇತಿ, ಬ್ಯಾರೆ ತಗೋ," ಅಂದಳು. ಅವನು ತಲೆ ಎತ್ತಿ ನೋಡಿದ. ಬೇರೆ ಬುಟ್ಟಿ ತಂದ. ಹೆಂಗಸರ ನಗೆ ನಿಂತಿತು. ಯಾವ ಹೆಂಡತಿಯೂ ಹಾಗೆ ಹೆಸರು ಹಿಡಿದು ಕರೆಯುವುದಿಲ್ಲವಾದ್ದರಿಂದ, ಅವಳು ಅವನಿಗೆ ಏನೂ ಅಲ್ಲ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಾಘದಲ್ಲಿ ಕ್ರೇನು ಬಂತು. ಮೂರು ತೆರೆದ ವ್ಯಾಗನ್ನುಗಳಲ್ಲಿ ಬಿಡಿಬಿಡಿಯಾಗಿ ಬಂದ ಅದನ್ನು ಎರಡು ವಾರ ಜೋಡಿಸಿದರು. ಹಳಿಯ ಮೇಲೆ ನಿಲ್ಲುವ ಸಣ್ಣ ಬಾಯ್ಲರು, ಅದರ ಮುಂದೆ ಬಾಗಿದ ಕಬ್ಬಿಣದ ತೋಳು, ತೋಳಿನ ತುದಿಗೆ ಸರಪಳಿ. ಸರಪಳಿಗೆ ಸಿಕ್ಕಿಸಲು ಆರು ಕಬ್ಬಿಣದ ಟಬ್ಬು. ಒಂದೊಂದು ಟಬ್ಬಿನಲ್ಲಿ ನಲವತ್ತು ಬುಟ್ಟಿ ಇದ್ದಲು ಹಿಡಿಯುತ್ತಿತ್ತು. ಟಬ್ಬು ತುಂಬುವುದಕ್ಕೆ ಈಗಲೂ ಸಲಿಕೆ ಬೇಕು. ಹೊರುವುದಕ್ಕೆ ತಲೆ ಬೇಡ.

ಪರೀಕ್ಷೆಯ ದಿನ ಮೈಲಾರಲಿಂಗಪ್ಪನೇ ಒಂದು ಟಬ್ಬು ತುಂಬಿ ಕೊಂಡಿ ಸಿಕ್ಕಿಸಿದ. ರೂಢಿಯಂತೆ ಟಬ್ಬಿನ ಅಂಚನ್ನು ಎರಡೂ ಕೈಯಿಂದ ಹಿಡಿದೇ ನಿಂತ. ಮೇಲಿನಿಂದ ಡ್ರೈವರ, "ಕೈ ಬಿಡೋ, ನೀ ಏನು ಎತ್ತಾಂವಾ?" ಅಂದ. ಎಲ್ಲರೂ ನಕ್ಕರು, ಅವನೂ ನಕ್ಕ. ಟಬ್ಬು ಮೇಲೇರಿ, ತಿರುಗಿ, ತೊಟ್ಟಿಯ ಮೇಲೆ ಮಗುಚಿತು. ಸತ್ಯವ್ವ ಹಲಗೆಯ ಕೆಳಗೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ತನ್ನ ಅರ್ಧ ದಿನದ ನಡಿಗೆ ಎಷ್ಟು ಹೊತ್ತಿನಲ್ಲಿ ಮುಗಿಯಿತೆಂದು ನೋಡಿದಳು.

ಮರುದಿನ ಕುಬೇರಪ್ಪ ಹೇಳಿದ: ಟಬ್ಬು ತುಂಬಲು ಹನ್ನೆರಡು ಗಂಡಸರು ಸಾಕು. ಕೆಳಗೆ ಉದುರಿದ ಇದ್ದಲು ಆರಿಸಲು, ರಾಶಿಗೆ ಸುಣ್ಣ ಸಿಂಪಡಿಸಲು ಆರು ಹೆಂಗಸರು. ಇದ್ದಲ ರಾಶಿಗೆ ಸುಣ್ಣ ಹಾಕುವುದು ಯಾರ್ಡಿನ ಹಳೆಯ ಪದ್ಧತಿ. ಯಾರಾದರೂ ಕದ್ದರೆ ಬಿಳುಪಿನ ನಡುವೆ ಕರಿ ಗುಳಿ ಕಾಣುತ್ತದೆ. ಉಳಿಸಿಕೊಂಡ ಹನ್ನೆರಡು ಗಂಡಸರಲ್ಲಿ ಆರು ಮಂದಿಯ ಹೆಂಡಂದಿರಿಗೆ ಈ ಕೆಲಸ. ಸೋಮವಾರ ಹೊಸ ರಜಿಸ್ಟರಿನಲ್ಲಿ ಹೆಸರು ಬರೆಯುವಾಗ ಹಾಜರಿರದಿದ್ದರೆ ಜಾಗ ಹೋಯಿತು.

ಮೈಲಾರಲಿಂಗಪ್ಪನ ಹೆಸರು ಹನ್ನೆರಡರಲ್ಲೂ ಇತ್ತು, ಆರರಲ್ಲೂ ಇತ್ತು. ಫಕೀರವ್ವ ಹೆತ್ತು ಇನ್ನೂ ಹನ್ನೆರಡು ದಿನ. ಅವನು ಸಲಿಕೆ ತೊಳೆಯುತ್ತ ಸತ್ಯವ್ವನಿಗೆ ಹೇಳಿದ:

"ನಮ್ಮನಿಯಾಕಿ ಹೆಸರು ಬರಸ್ತೀನಿ. ಆಕಿ ಬದಲಿ ನೀ ಬಂದು ನಿಲ್ಲು. ಹೆಸರು ಕರದ್ರ ಓ ಅನ್ನು."

"ಎಷ್ಟ ದಿನ?"

"ಯುಗಾದಿ ಆದ ಮ್ಯಾಲ ಬರ್ತಾಳ. ಎರಡು ತಿಂಗಳಾ."

"ಕುಬೇರಪ್ಪಗ ಗೊತ್ತಾದ್ರ?"

"ಕೇಳೇನಿ. ಆಳು ಸುಳ್ಳಿರಲಿ, ಸುಣ್ಣ ಖರೇ ಇದ್ರ ಸಾಕು ಅಂದ."

ಸತ್ಯವ್ವ ಎರಡು ತಿಂಗಳನ್ನು ಮನಸ್ಸಿನಲ್ಲಿ ಅಳೆದಳು. ಟಬ್ಬಿನ ಕೆಳಗೆ ಅವನು ತುಂಬುವಾಗ ಉದುರಿದ್ದನ್ನು ತಾನು ಆರಿಸಬಹುದು. ದಿನಾಲೂ ಬೆಳಿಗ್ಗೆ ಯಾರೋ ಅವನ ಹೆಂಡತಿಯ ಹೆಸರು ಕೂಗುತ್ತಾರೆ, ತಾನು ಓ ಅನ್ನಬಹುದು. ಅದಕ್ಕಿಂತ ಹೆಚ್ಚಿನದು ತನಗೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಅಷ್ಟು ಬೇಕಿತ್ತು. ನಾಲ್ಕು ವರ್ಷದಲ್ಲಿ ಮತ್ತೇನನ್ನೂ ಅವಳು ಅಷ್ಟು ಬಯಸಿರಲಿಲ್ಲ.

"ಬರ್ತೇನಿ," ಅಂದಳು.

ಸೋಮವಾರ ಬೆಳಿಗ್ಗೆ ನಳದ ಹಿಂದೆ ಹೆಂಗಸರು ಅವಳನ್ನು ಸಿದ್ಧ ಮಾಡಿದರು. ಕೆಲಸ ಹೋದವರೂ ಬಂದಿದ್ದರು, ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು. ಗುಲ್ಜಾರಬಿಯ ಕೆಲಸ ಹೋಗಿತ್ತು. ಅವಳು ತನ್ನ ಕೈಯಿಂದಲೇ ನಾಲ್ಕು ಹಸಿರು ಬಳೆ ತೆಗೆದು ಸತ್ಯವ್ವನಿಗೆ ಇಟ್ಟಳು.

"ಕೈ ಸಡಲ ಬಿಡವಾ. ಬಳಿ ಇಟ್ಗೊಳ್ಳೂದು ಮರ್ತೀಯೇನು?"

ಮಾಳವ್ವ ಕುಂಕುಮ ಹಚ್ಚಿದಳು. ಹಚ್ಚುವಾಗ ಅವಳ ಬೆರಳು ಒಂದು ಕ್ಷಣ ನಿಂತಿತು. ವಿಧವೆಯ ಹಣೆಗೆ ಕುಂಕುಮ ಇಡುವುದು ಸಣ್ಣ ಮಾತಲ್ಲ. "ಹೊಟ್ಟಿ ಸಲುವಾಗಿ," ಅಂದಳು, ಸತ್ಯವ್ವನಿಗೋ ದೇವರಿಗೋ. ಕೊರಳಿಗೆ ಅರಿಷಿಣದ ದಾರ ಕಟ್ಟಿದರು. ಸೆರಗು ಸರಿ ಮಾಡಿದರು. "ಎಲ್ಲಾ ಆತು. ನೆಲಾ ನೋಡ್ಕೊಂತ ನಿಂದರು." ಯಾರಿಗೂ ಇನ್ನೊಂದು ವಿಷಯ ನೆನಪಾಗಲಿಲ್ಲ.

ರಜಿಸ್ಟರು ಬರೆಯಲು ಬಂದವನು ಬಿಂದುಮಾಧವ, ಧಾರವಾಡದವನು, ಇಪ್ಪತ್ತೆರಡು ವಯಸ್ಸಿನ, ರೈಲ್ವೆ ಕಚೇರಿಯ ಹೊಸ ಗುಮಾಸ್ತ. ಖಾಲಿ ಎಣ್ಣೆ ಡಬ್ಬಿಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದ. ಕ್ರೇನಿನ ಕೆಲಸ ಅಪಾಯದ್ದೆಂದು ಹೊಸ ರಜಿಸ್ಟರಿನಲ್ಲಿ ಒಂದು ಅಂಕಣ ಹೆಚ್ಚಿತ್ತು: ಆಳು ಸತ್ತರೆ ಯಾರಿಗೆ ತಿಳಿಸಬೇಕು. ಗಂಡಸರು ಹೆಂಡತಿಯ ಹೆಸರನ್ನು ಗೊಣಗಿ ಮುಗಿಸಿದರು. ಹೆಂಗಸರ ಸರದಿ ಬಂತು.

"ಗಂಡನ ಹೆಸರು?"

ಮೊದಲನೆಯವಳು ಸೆರಗು ಬಾಯಿಗೆ ಹಿಡಿದು ಪಕ್ಕದವಳನ್ನು ತಿವಿದಳು. ಪಕ್ಕದವಳು ಹೇಳಿದಳು. ಎರಡನೆಯವಳ ಗಂಡನ ಹೆಸರನ್ನು ಮೂರನೆಯವಳು ಹೇಳಿದಳು. ಬಿಂದುಮಾಧವನಿಗೆ ಇದೇನೂ ಹೊಸದಲ್ಲ. ಅವನು ತಲೆ ಎತ್ತದೆ ಬರೆಯುತ್ತ ಹೋದ.

"ಫಕೀರವ್ವ."

"ಓ," ಅಂದಳು ಸತ್ಯವ್ವ.

"ಗಂಡನ ಹೆಸರು?"

"ಮೈಲಾರಲಿಂಗಪ್ಪ."

ಸಪ್ಪಗೆ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. ಬಿಂದುಮಾಧವ ಅರ್ಧ ಬರೆದು ಲೇಖನಿ ಎತ್ತಿದ. ಅವಳ ಹಣೆ, ಕೈ, ಕೊರಳು ನೋಡಿದ. ಎಲ್ಲ ಹೊಸದಾಗಿತ್ತು.

"ಇನ್ನೊಮ್ಮೆ ಹೇಳ್ರಿ."

ಸತ್ಯವ್ವ ಬಾಯಿ ತೆರೆದಳು. ಆಗ ತಿಳಿಯಿತು. ಬಾಯಿ ಮುಚ್ಚಿದಳು.

"ದಡ್ಡಿ ಅದಾಳ್ರಿ ರಾಯರ," ಅಂದಳು ಮಾಳವ್ವ ಹಿಂದಿನಿಂದ. "ಅಂಜಿಕೀಗೆ ಬಾಯಿ ತಪ್ಪೇತಿ."

"ನಮ್ಮ ಅವ್ವಗ ಮದುವಿಯಾಗಿ ಮೂವತ್ತು ವರ್ಷ ಆತು," ಅಂದ ಬಿಂದುಮಾಧವ. "ದವಾಖಾನಿಯೊಳಗ ಡಾಕ್ಟರ್ ಕೇಳಿದ್ರೂ ಹೇಳಲಿಲ್ಲ. ಅಂಜಿದ್ರ ಬಾಯಿ ಕಟ್ಟತದ, ಹೆಸರು ಹೊರಗ ಬರೂದಿಲ್ಲ." ಅವನು ಗಂಡಸರ ಕಡೆ ತಿರುಗಿದ. "ಯಾರ್ರಿ ಮೈಲಾರಲಿಂಗಪ್ಪ? ಈಕಿ ನಿಮಗ ಏನಾಗಬೇಕು?"

ಹೆಂಡತಿ ಅನ್ನಬಹುದಿತ್ತು. ಅವನಿಗೆ ಅಷ್ಟು ಬೇಗ ಸುಳ್ಳು ಬರಲಿಲ್ಲ.

"ಜೋಡಿ ರೀ," ಅಂದ.

"ಜೋಡಿ ಅಂದ್ರ?"

"ಬುಟ್ಟಿ ಹೊರಸ್ತಿದ್ದೆ ರೀ."

ಬಿಂದುಮಾಧವ ಕೆಟ್ಟವನಲ್ಲ. ಸೇರಿ ಹದಿನೇಳು ದಿನವಾಗಿತ್ತು, ರಜಿಸ್ಟರಿನಲ್ಲಿ ಸುಳ್ಳು ಹೆಸರು ಸಿಕ್ಕರೆ ಹೋಗುವುದು ತನ್ನ ಕೆಲಸ. ಅವನು ಕುಬೇರಪ್ಪನನ್ನು ಕರೆದ. ಕುಬೇರಪ್ಪ ತನಗೇನೂ ಗೊತ್ತಿಲ್ಲವೆಂದ, ಗೊತ್ತಿಲ್ಲವೆನ್ನುವುದನ್ನು ತೋರಿಸಲು ಮೈಲಾರಲಿಂಗಪ್ಪನನ್ನು ನಾಲ್ಕು ಮಂದಿಯ ಎದುರಿಗೆ ಬೈದ. ಹೆಂಡತಿಯ ಹೆಸರಿನ ಮೇಲೆ ಒಂದು ಗೆರೆ ಬಿತ್ತು, ಗಂಡನ ಹೆಸರಿನ ಮೇಲೆ ಇನ್ನೊಂದು. ಆ ಜಾಗಕ್ಕೆ ಕುಬೇರಪ್ಪ ಎರಡು ದಿನದಲ್ಲಿ ತನ್ನ ಊರಿನಿಂದ ಬೇರೆ ಜೋಡಿಯನ್ನು ತಂದ.

ಆ ಬೆಳಿಗ್ಗೆ ಇಬ್ಬರೂ ಗೇಟಿನ ತನಕ ಒಟ್ಟಿಗೆ ನಡೆದರು. ಅವನ ಹೆಗಲ ಮೇಲೆ ಟವೆಲ್ಲು ಮಾತ್ರ ಇತ್ತು. ಸಲಿಕೆ ಗುತ್ತಿಗೆದಾರನದು.

"ಯಾಕ ಹೇಳಿದಿ?" ಅವನು ಕೇಳಿದ. ಸಿಟ್ಟಿನಿಂದಲ್ಲ, ತಿಳಿಯದೆ.

"ಕಲ್ತಿದ್ದೆ," ಅಂದಳು ಸತ್ಯವ್ವ. "ಮಂದಿ ತಪ್ಪು ತಿಳೀಬಾರದಂತ."

"ಏನು ತಪ್ಪು ತಿಳೀತಿದ್ರು?"

ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಆಗಲಾದರೂ ಅವನಿಗೆ ಹೊಳೆಯಿತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.

"ಛಲೋ ಕಲ್ತಿ," ಎಂದು ಹೇಳಿ ಅವನು ಗಬ್ಬೂರಿನ ದಾರಿ ಹಿಡಿದ. ಯುಗಾದಿಯ ನಂತರ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಮುಂಬಯಿಯ ಗಿರಣಿಗೆ ಹೋದನೆಂದು ಆಮೇಲೆ ಗೊತ್ತಾಯಿತು.

ಗುಲ್ಜಾರಬಿ ಗೇಟಿನ ಹತ್ತಿರ ಕಾಯುತ್ತಿದ್ದಳು. ಬಳೆ ಇಟ್ಟುಕೋ ಅಂದಳು. ಸತ್ಯವ್ವ ಒಪ್ಪಲಿಲ್ಲ. ಅವಸರದಲ್ಲಿ ತೆಗೆಯುವಾಗ ಒಂದು ಒಡೆಯಿತು. ಮೂರನ್ನು ವಾಪಸು ಕೊಟ್ಟಳು.

ಅದೇ ದಿನ ಸಂಜೆ ಬಿಂದುಮಾಧವ ಹಳೆಯ ಪಟ್ಟಿಗೂ ಹೊಸ ರಜಿಸ್ಟರಿಗೂ ತಾಳೆ ಹಾಕಿದ. ಸತ್ಯವ್ವನ ಹೆಸರು ಎರಡರಲ್ಲೂ ಇರಲಿಲ್ಲ, ಆದ್ದರಿಂದ ಅವಳು ಲೆಕ್ಕಕ್ಕೆ ಬರಲಿಲ್ಲ. ಕೆಲಸ ಹೋದ ಗಂಡಸರು ಹತ್ತೊಂಬತ್ತು, ಹೆಂಗಸರು ಇಪ್ಪತ್ತೈದು.